ನೆರೆಹೊರೆ ನಿಧಿಯವರಿಗೆ ಮಾಡಿದ ಬಾಡೂಟ

ಕಾಯಿಲೆ ಇದ್ದರೆ ಬಾಯಿಬಿಟ್ಟು ಹೇಳಿ ಎಂದು ನಮ್ಮ ಹಟ್ಟಿಯವರಿಗೆ ನಾನು ಒಂಬತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ನಾನು ಇಲ್ಲಿನ ಆಶಾ ಕಾರ್ಯಕರ್ತೆ, ಎಂದರೆ ಮನೆಮನೆಗೆ ಹೋಗಿ ಯಾರಿಗೆ ಏನು ಕಾಯಿಲೆ ಎಂದು ಕೇಳುವವಳು. ಇಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ಚೆನ್ನಾಗಿದೀವಿ ಕಣ್ ಜಯಕ್ಕ, ಕುಂತ್ಕ, ಮಜ್ಜಿಗೆ ಕುಡಿ." ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತಿದ್ದರೂ ಚೆನ್ನಾಗಿಯೇ ಇರುತ್ತಾರೆ. ಕುರಿಗೆ ಕಾಲುಬಾಯಿ ಜ್ವರ ಬಂದರೆ ಮಾತ್ರ ಪಕ್ಕದೂರು ಹರಿಯಬ್ಬೆಗೆ ಕೇಳುವ ಹಾಗೆ ಕೂಗಾಡುತ್ತಾರೆ. ಬಂದವರ ಮುಂದೆ 'ಇಲ್ಲ' ಅಂದರೆ ಮನೆಯ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಹಾಗಂತ ಹಿರಿಯರು ಹೇಳಿದ್ದಾರೆ, ಮುಗಿಯಿತು.

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ ಮುದ್ದಪ್ಪನವರು, ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಅವರ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಹಿರಿಯೂರಿನಲ್ಲಿ ಡಯಾಲಿಸಿಸ್ ಆಗಬೇಕು. ಆಸ್ಪತ್ರೆಯಲ್ಲಿ ಒಂದು ರೂಪಾಯಿ ಕೇಳುವುದಿಲ್ಲ. ಕಷ್ಟವೆಲ್ಲ ಹೋಗಿ ಬರುವುದರಲ್ಲಿ. ಹಟ್ಟಿಯಿಂದ ಹರಿಯಬ್ಬೆಗೆ ಮೂರು ಕಿಲೋಮೀಟರ್ ನಡಿಗೆ, ಅಲ್ಲಿಂದ ಬಸ್ಸು, ಸಂಜೆ ಸುಸ್ತಾಗಿ ಬಂದು ಮತ್ತೆ ಅದೇ ನಡಿಗೆ. ಎರಡು ಸಲ ದಾರಿಯಲ್ಲೇ ಕುಸಿದು ಕೂತಿದ್ದರು. ಶಿವರಾತ್ರಿ ಕಳೆದ ಮೇಲೆ ಒಂದು ದಿನ, "ಇನ್ ಸಾಕು ಕಣಮ್ಮ ಜಯ, ದೇವ್ರು ಎಷ್ಟ್ ದಿನ ಇಟ್ಟಿರ್ತನೋ ಅಷ್ಟ್ ದಿನ" ಎಂದುಬಿಟ್ಟರು. ನಿಲ್ಲಿಸಿದರೆ ಎರಡು ವಾರವೂ ಕಷ್ಟ ಎಂದು ಡಾಕ್ಟರು ನನಗೆ ಮೊದಲೇ ಹೇಳಿದ್ದರು. ಸಿಟ್ಟು ಬಂತು. ಬೈದು ಬೈದು ಹೇಗೋ ಮತ್ತೆ ಬಸ್ಸು ಹತ್ತಿಸಿದೆ.

ಆಗಲೇ ನಾನು ನೆರೆಹೊರೆ ನಿಧಿಗೆ ಅರ್ಜಿ ಬರೆದದ್ದು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರಿನ ಮೇಷ್ಟ್ರುಗಳು, ಅಂಗಡಿಯವರು, ಲಾರಿಯವರು ತಿಂಗಳಿಗಿಷ್ಟು ಅಂತ ಹಾಕಿ ಕಟ್ಟಿದ ನಿಧಿ ಅದು. ಒಬ್ಬೊಬ್ಬರ ಕೈಗೆ ದುಡ್ಡು ಕೊಡುವುದಿಲ್ಲ, ಹತ್ತು ಜನಕ್ಕೆ ಆಗುವ ಕೆಲಸಕ್ಕೆ ಕೊಡುತ್ತಾರೆ. ಹೊಸದುರ್ಗದಲ್ಲಿ ಮಾತು ಬಾರದ ಮಕ್ಕಳಿಗೆ ಕಲಿಸುವ ಒಬ್ಬ ಟೀಚರ್, ಹೊಳಲ್ಕೆರೆಯಲ್ಲಿ ನಡೆಯಲಾಗದವರ ಮನೆಗೆ ಮಧ್ಯಾಹ್ನದ ಊಟ, ಹೀಗೆ. ಒಂದು ತಾಲ್ಲೂಕಿನ ಅರ್ಜಿಯನ್ನು ಇನ್ನೊಂದು ತಾಲ್ಲೂಕಿನವರೇ ಬಂದು ನೋಡಬೇಕು ಎನ್ನುವುದು ಅವರ ಕಟ್ಟುನಿಟ್ಟು. ಸುತ್ತಲಿನ ಆರು ಹಟ್ಟಿಗಳ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲು ಒಂದು ಗಾಡಿ ಬೇಕು ಎಂದು ನಾನು ಕೇಳಿದ್ದೆ. ಸೋಮವಾರ ಬರುತ್ತೇವೆ ಎಂದು ಫೋನ್ ಬಂತು.

ಆ ಸೋಮವಾರ ಬೆಳಗಾಗುವ ಹೊತ್ತಿಗೆ ಕಾವ್ಯಶ್ರೀ ಎಂಬ ಹುಡುಗಿಗೆ ಹೆರಿಗೆ ನೋವು ಶುರುವಾಗಬೇಕೇ! ಅವಳ ಜೊತೆ ಧರ್ಮಪುರದ ಆಸ್ಪತ್ರೆಗೆ ಹೊರಟೆ. ಹೊರಡುವಾಗ ಭಾವನ ಹೆಂಡತಿ ಹುಚ್ಚಕ್ಕನಿಗೆ, "ಅಕ್ಕ, ಭಾವನ್ನ ಏಳು ಗಂಟೆ ಬಸ್ಸಿಗೆ ಕಳ್ಸು. ನಿಧಿಯವ್ರಿಗೆ ಇದ್ದದ್ದು ಇದ್ದಂಗೆ ಹೇಳ್ರಿ" ಎಂದು ಎರಡು ಸಲ ಹೇಳಿದೆ. "ಆತು ಹೋಗೇ ಮಾರಾಯ್ತಿ" ಅಂದಳು.

ಹೆಣ್ಣು ಮಗು, ಮೂರು ಕೆ.ಜಿ. ಖುಷಿಯಲ್ಲಿ ಯಾರದೋ ಬೈಕ್ ಹಿಂದೆ ಕೂತು ಒಂದು ಗಂಟೆಗೆ ಹಟ್ಟಿಗೆ ಬಂದರೆ, ಅಬ್ಬಬ್ಬಾ, ಮದುವೆ ಮನೆ! ಬೀದಿಗೆಲ್ಲ ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದಾರೆ. ಮಾವಿನ ತೋರಣ, ಶಾಲೆಯಿಂದ ತಂದ ಕುರ್ಚಿಗಳು. ಮೂರು ಟೆಂಪೊ ಸಾಲಾಗಿ ನಿಂತಿವೆ. ಟಗರು ಕಡಿದಿದ್ದಾರೆ. ಹಟ್ಟಿಯ ಹಿರಿಯ ಯತ್ತಪ್ಪ ಬಿಳಿ ರುಮಾಲು ಸುತ್ತಿ, "ಇನ್ನೊಂದ್ ಮುದ್ದೆ ಹಾಕ್ಸ್ಕಳ್ರಿ" ಎಂದು ಉಪಚರಿಸುತ್ತಿದ್ದ. ಬಂದವರು ಇಬ್ಬರು. ಹೊಳಲ್ಕೆರೆಯ ರಿಟೈರ್ಡ್ ಸ್ಕೂಲ್ ಮೇಡಂ ಏಕಾಂತಮ್ಮ, ಹೊಸದುರ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ತಿಮ್ಮೇಶ್. ಏಕಾಂತಮ್ಮ ಬಾಡು ಮುಟ್ಟದವರು, ಬಾಳೆಹಣ್ಣು ತಿನ್ನುತ್ತಿದ್ದರು. ಅವರ ಪಾಲನ್ನೂ ತಿಮ್ಮೇಶ್ ಅವರೇ ನೋಡಿಕೊಳ್ಳುತ್ತಿದ್ದರು.

"ನೀವೇನಾ ಜಯಕ್ಕ? ನಿಮ್ಮ ಹಟ್ಟಿ ನೋಡಿ ಭಾಳ ಸಂತೋಷ ಆತಮ್ಮ" ಎಂದರು ಏಕಾಂತಮ್ಮ. "ಎಲ್ರೂ ಆರಾಮ್ ಅವ್ರೆ, ಏನೂ ಕಮ್ಮಿ ಇಲ್ಲ ಅಂದ್ರು. ಗಾಡಿನೂ ಮೂರ್ ಅವೆ. ಮಾಡದಕೆರೆ ಕಡೆದು ಇನ್ನೊಂದ್ ಅರ್ಜಿ ಐತೆ, ಈ ಸಲ ಅವ್ರಿಗೆ ಕೊಡಾಣ ಅಂತ."

"ಲೇ ರಂಗೇಶ, ಯಾರವೋ ಈ ಗಾಡಿ?" ಎಂದು ಭಾವನ ಮಗನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. "ಹರಿಯಬ್ಬೆಯಿಂದ ಇಸ್ಕಂಡ್ ಬಂದಿದ್ದು ಚಿಕ್ಕವ್ವ. ದೊಡ್ಡ ಜನ ಬರ್ತಾರೆ, ಹಟ್ಟಿ ಬೋಳ್ ಬೋಳಾಗಿ ಕಾಣ್ಬಾರ್ದು ಅಂತ ಯತ್ತಪ್ಪಜ್ಜ ಹೇಳ್ತು."

ಗಾಡಿ ಬೇಕೆಂದು ಅರ್ಜಿ ಹಾಕಿ, ನೋಡಲು ಬಂದವರ ಮುಂದೆ ಎರವಲು ಗಾಡಿ ನಿಲ್ಲಿಸುವ ಜನ ಈ ಭೂಮಿ ಮೇಲೆ ಇನ್ನೆಲ್ಲಾದರೂ ಇದ್ದಾರೆಯೇ? ನಗಬೇಕೋ ಅಳಬೇಕೋ ತಿಳಿಯದೆ ತಿರುಗಿ ನೋಡಿದರೆ, ಹೊಸ ಪಂಚೆ ಉಟ್ಟು, ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಿರುವವರು ಯಾರು? ನಮ್ಮ ಭಾವ!

"ಭಾವ! ಹಿರಿಯೂರಿಗೆ ಹೋಗ್ಲಿಲ್ವ?"

"ಮನೆಗೆ ನೆಂಟ್ರು ಬಂದಾಗ ಯಜಮಾನ ಇಲ್ದಿದ್ರೆ ಹೆಂಗಮ್ಮ?" ಎಂದು ನಕ್ಕರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ನನ್ನ ಬಾಯಿಗೆ ಬೀಗ ಇಲ್ಲ ಎಂದು ನನ್ನ ಗಂಡ ಹೇಳುವುದುಂಟು, ನಿಜ. "ನೋಡ್ರಮ್ಮ ಮೇಡಂ, ಚೆನ್ನಾಗ್ ನೋಡ್ರಿ! ಯಾರಿಗೋಸ್ಕರ ಅರ್ಜಿ ಬರ್ದಿದ್ನೋ ಅವ್ರೇ ನಿಮ್ಗೆ ಬಡಿಸ್ತಾ ಅವ್ರೆ. ಇವತ್ತು ಇವ್ರು ಡಯಾಲಿಸಿಸ್ ಮಾಡಿಸ್ಕಬೇಕಾದ ದಿನ!" ಎಂದು ಕೂಗಿದೆ.

"ಏ ಜಯಕ್ಕ, ನೆಂಟ್ರ ಮುಂದೆ ಹಟ್ಟಿ ಮಾನ ಕಳೀಬ್ಯಾಡ" ಎಂದ ಯತ್ತಪ್ಪ.

"ನಿಮ್ ಮಾನಕ್ಕಿಷ್ಟು ಬೆಂಕಿ ಹಾಕ! ಮನುಷ್ಯ ಹೋದ್ಮ್ಯಾಲೆ ಮಾನ ಇಟ್ಕಂಡ್ ಉಪ್ಪಿನಕಾಯಿ ಹಾಕ್ತೀರಾ?"

ಏಕಾಂತಮ್ಮ ಎದ್ದು ಬಂದು ಭಾವನ ಕಾಲ ಬಳಿ ಕೂತರು. ಭಾವ ಹಿಂದೆ ಸರಿದರೂ ಬಿಡದೆ ಪಾದವನ್ನು ಹೆಬ್ಬೆರಳಿಂದ ಒತ್ತಿದರು. ಒತ್ತಿದ ಗುಳಿ ಹಾಗೇ ಉಳಿಯಿತು. "ನಮ್ಮನೆಯವ್ರಿಗೂ ಹಿಂಗೇ ಊದ್ತಿತ್ತು" ಎಂದಷ್ಟೇ ಹೇಳಿದರು. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಮೂರು ಗಂಟೆಯೊಳಗೆ ಬಂದರೆ ಒಂದು ಮಿಷನ್ ಖಾಲಿ ಇದೆ ಎಂದರು. "ನಮ್ಮ ಕಾರಿನಾಗೇ ಹೋಗಾಣ, ದಾರಿನೂ ನೋಡಿದಂಗಾಗ್ತದೆ" ಎಂದು ತಿಮ್ಮೇಶ್ ಕೈ ತೊಳೆದು ಎದ್ದೇಬಿಟ್ಟರು.

ಹರಿಯಬ್ಬೆವರೆಗಿನ ಗುಂಡಿಗಳಲ್ಲಿ ಅವರ ಕಾರು ನಾಲ್ಕು ಸಲ ತಳ ಬಡಿಯಿತು. ನನಗೆ ಒಳಗೊಳಗೇ ಖುಷಿ. ಮುಂದೆ ಕೂತಿದ್ದ ಏಕಾಂತಮ್ಮ ಹಿಂದಕ್ಕೆ ತಿರುಗಿ, "ಅರ್ಜಿನಾಗೆ ರೋಗಿ ಮಾತು ಅಂತ ಒಂದ್ ಜಾಗ ಐತೆ. ಜಯಕ್ಕ ಹೇಳಂಗಿಲ್ಲ, ನೀವೇ ಹೇಳ್ಬೇಕು. ನಿಮಗೇನ್ ಬೇಕು ಮುದ್ದಪ್ಪನವ್ರೇ?" ಎಂದರು.

"ನಂಗೇನೂ ಬ್ಯಾಡ್ರಮ್ಮ. ನಿಮ್ ಪ್ರೀತಿ ಒಂದಿದ್ರೆ ಸಾಕು."

ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು. ಆದರೆ ಏಕಾಂತಮ್ಮ ಪೆನ್ನನ್ನು ಒಳಗಿಡಲಿಲ್ಲ. ಧರ್ಮಪುರ ದಾಟಿತು. ಭಾವ ಕಿಟಕಿ ಕಡೆ ಮುಖ ಮಾಡಿದ್ದರು. "ನಮ್ ಹಿಂಡಿನಾಗೆ ಇಪ್ಪತ್ತ್ ಕುರಿ ಗಬ್ಬ ಅವೆ" ಎಂದರು. "ಮರಿ ನೋಡ್ಬೇಕು ಅಂತ ಆಸೆ. ನಂಗೆ ಸಾಯಾಕ್ ಮನಸಿಲ್ರಮ್ಮ. ಒಂದ್ ಗಾಡಿ ಕೊಡ್ಸ್ರಿ, ಬದುಕ್ಕಂತೀನಿ."

ಅರವತ್ತೆರಡು ವರ್ಷದಲ್ಲಿ ಆ ಮನುಷ್ಯ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಭಾವ ಹೇಳಿದ್ದನ್ನು ಏಕಾಂತಮ್ಮ ಒಂದಕ್ಷರ ಬಿಡದೆ ಬರೆದುಕೊಂಡರು.

ಎರಡು ತಿಂಗಳಿಗೆ ಗಾಡಿ ಬಂತು, ಮಾಡದಕೆರೆಯವರಿಗೂ ನಮಗೂ ವಾರದ ದಿನಗಳನ್ನು ಹಂಚಿ. ಭಾವ ಬಾಯಿಬಿಟ್ಟು ಗಾಡಿ ಕೇಳಿದ ಸುದ್ದಿ ಅಷ್ಟರಲ್ಲಿ ಹಟ್ಟಿಯೆಲ್ಲ ಹಬ್ಬಿತ್ತು. ಮೊದಲ ದಿನ ಗಾಡಿ ನೋಡಲು ಬಂದ ಯತ್ತಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಜಯಕ್ಕ, ನನ್ ಮಂಡಿ ನೋವು ಎರಡ್ ವರ್ಸದಿಂದ ಐತೆ ಕಣವ್ವ" ಎಂದ. ಅವನ ಹಿಂದೆ ಇನ್ನೂ ಮೂವರು. ಒಬ್ಬೊಬ್ಬರದೂ ಒಂದೊಂದು. ಒಂಬತ್ತು ವರ್ಷದ ಕಾಯಿಲೆಗಳೆಲ್ಲ ಅವತ್ತೇ ಬಾಯಿ ಬಿಟ್ಟವು. ನಾನು ನಗುತ್ತಾ ಬೈಯುತ್ತಾ, ಬೈಯುತ್ತಾ ನಗುತ್ತಾ ಬರೆದುಕೊಂಡೆ.

ಎಲ್ಲರೂ ಹೋಗಿ, ಭಾವ ಹಿರಿಯೂರಿಗೆ ಹೊರಡಲು ಗಾಡಿ ಹತ್ತಿ ಕೂತ ಮೇಲೆ ಹುಚ್ಚಕ್ಕ ಬಂದು ನಿಂತಳು. "ನಂಗೂ ಒಂದ್ ಹೇಳದೈತೆ. ಯುಗಾದಿಯಿಂದ ನಿನ್ ಮುಖ ಸರ್ಯಾಗ್ ಕಾಣಲ್ಲ ಕಣೇ. ದನಿ ಮ್ಯಾಲೆ ಗುರ್ತು ಹಿಡಿತೀನಿ."

ಒಂದೇ ಒಲೆಯಲ್ಲಿ ಅಡುಗೆ ಮಾಡುವವರು ನಾವು. "ಅಯ್ಯೋ ನನ್ನವ್ವ, ಯಾಕಕ್ಕ ಹೇಳ್ಲಿಲ್ಲ?" ಎಂದೆ.

"ನೀನು ಊರ್ನೆಲ್ಲ ಕೇಳ್ತಿದ್ದೆ. ನನ್ನ ಯಾವತ್ ಕೇಳ್ದೆ?"

ಅವಳ ಕೈ ಹಿಡಿದು ಗಾಡಿ ಹತ್ತಿಸಿ, ಭಾವನ ಪಕ್ಕ ಕೂರಿಸಿ, ನಾನೂ ಹತ್ತಿದೆ.