ಇರುವೆ ಗೂಡಿನ ಬೀಜ

"ಬಾಯ್ ತಗಿಯೇ ಮುಂಡೆ! ಅಗಲ್ವಾಗ್ ತಗಿ. ನಾಲ್ಗೆ ಮ್ಯಾಕೆತ್ತು."

ಲೌರೆನ್ಸ್ ಧಣಿಯ ತೋರುಬೆರಳು ಡೋರ್ಕಾಳ ಒಸಡಿನ ಮೇಲೆ ಹರಿದಾಡಿತು. ಹೊಗೆಸೊಪ್ಪು, ಕುದುರೆ ಬೆವರು ನಾರುವ ಬೆರಳು. ಅವಳ ಹಿಂದೆ ಸರದಿಗೆ ನಿಂತಿದ್ದ ಅಕ್ಕ ಗ್ರೀತ್ ನೆಲ ನೋಡುತ್ತಿದ್ದಳು. ದವಡೆಯ ಸಂದಿಯಿಂದ ಧಣಿ ಒಂದಿಷ್ಟು ಬೀಜ ಕೆದಕಿ ತೆಗೆದ. ಸಾಸಿವೆಗಿಂತ ಸಣ್ಣವು, ಹಳದಿ.

"ಕಳ್ ಸೂಳೆ! ನನ್ ಬೀಜ ಹೊಟ್ಟೇಲ್ ಬಿತ್ಕಂಡು ಬೆಳೀತೀಯೇನೇ?"

ಮೇಸ್ತ್ರಿ ನಕ್ಕ. ಧಣಿ ಚಾಟಿಯ ಹಿಡಿಯಿಂದ ಅವಳ ಬಾಯಿಗೆ ಹೊಡೆದ. ಡೋರ್ಕಾ ಮುಂದಿನ ಹಲ್ಲನ್ನು ಅಂಗೈಗೆ ಉಗುಳಿದಳು.

"ಅದ್ನೂ ಇಲ್ಲೇ ಬಿಸಾಕು. ಈ ಜಮೀನಿಂದ ಏನೂ ಒಯ್ಯಂಗಿಲ್ಲ."

ಸೆಡರ್‌ಬರ್ಗ್ ಬೆಟ್ಟದ ಕೆಂಪು ಚಹಾದ ಗಿಡವನ್ನು ಯಾರೂ ನೆಟ್ಟಿದ್ದಲ್ಲ. ಕಾಯಿ ಬಲಿತು ಬಿಸಿಲಿಗೆ ಸಿಡಿದರೆ ಬೀಜ ಮರಳಲ್ಲಿ ಮಾಯ. ಅದನ್ನು ಹುಡುಕಿ ಕೂಡಿಡುವವು ಇರುವೆಗಳು. ಅವುಗಳ ಗೂಡನ್ನು ಚಮಚದಿಂದ ಕೆದಕಿ, ಮರಳು ತೂರಿ ಬೀಜ ತೆಗೆಯುವುದನ್ನು ಗ್ರೀತ್ ಅವ್ವನಿಂದ ಕಲಿತಿದ್ದಳು. ಗೂಡಿನಲ್ಲಿ ಅರ್ಧ ಬಿಟ್ಟೇ ಏಳಬೇಕು ಎನ್ನುತ್ತಿದ್ದಳು ಅವ್ವ. ಇರುವೆ ಉಪವಾಸ ಸತ್ತರೆ ಮುಂದಿನ ವರ್ಷ ಆರಿಸಿ ಕೊಡುವವರು ಯಾರು? ಪೇಟೆಯಲ್ಲಿ ಬೆಂಕಿಪೊಟ್ಟಣದ ಅಳತೆಯಲ್ಲಿ ಬೀಜ ಮಾರಾಟವಾಗತೊಡಗಿದ್ದೇ ತಡ, ಧಣಿ ಬೆಟ್ಟಕ್ಕೆ ತಂತಿಬೇಲಿ ಎಳೆದ. ಈಗ ಗೂಡುಗಳನ್ನು ತಳ ಕಾಣುವವರೆಗೆ ಬಗೆಯಬೇಕು. ಅದಕ್ಕೆ ಕೂಲಿ, ತಗಡಿನ ಲೋಟದಲ್ಲಿ ಹುಳಿ ವೈನು. ಗ್ರೀತಳ ಗಂಡ ಆ ಲೋಟ ಹಿಡಿದೇ ಸತ್ತಿದ್ದ.

ಬೇಲಿಯಾಚೆ, ಪಾದ್ರಿಗಳ ಮಿಷನ್ನಿನವರು ಇವರ ಜನಕ್ಕೆ ಬಿಟ್ಟ ಇಳಿಜಾರಿನಲ್ಲಿ ಅಕ್ಕತಂಗಿಯರು ಒಂದು ತುಂಡು ನೆಲ ಹಸನು ಮಾಡಿಟ್ಟಿದ್ದರು. ಅಲ್ಲಿ ಚಹಾ ಬೆಳೆದರೆ ಧಣಿಯ ಲೋಟಕ್ಕೆ ಕೈಯೊಡ್ಡುವುದು ತಪ್ಪುತ್ತಿತ್ತು. ಬೀಜವೊಂದೇ ಇರಲಿಲ್ಲ.

ಆ ರಾತ್ರಿ ಗುಡಿಸಲಲ್ಲಿ ಡೋರ್ಕಾ ಉಪ್ಪುನೀರು ಮುಕ್ಕಳಿಸಿ ಉಗುಳಿದಳು. "ಅವ್ನ ಬೀಜದ ಕೋಣೆಗೆ ಬೆಂಕಿ ಇಕ್ಬುಡಾನ ಕಣಕ್ಕ."

"ಬೀಜಾನೂ ಸುಟ್ಟೋಯ್ತದೆ ಕಣೇ, ತಿಕ್ಲು."

"ಇನ್ನೆಂಗ್ ತರದು? ಬಾಯಲ್ ತಂದ್ರೆ ಹಲ್ ಹೋಯ್ತದೆ."

"ನಮ್ ಬಾಯೇ ಯಾಕಾಗ್ಬೇಕು?" ಎಂದಳು ಗ್ರೀತ್.

ಬೀಜದ ಕೋಣೆ ಗುಡಿಸುವುದು ಅವಳ ಪಾಲಿನ ಕೆಲಸ. ಮೇಜಿನ ಮೇಲೆ ಅಗಲವಾದ ತಟ್ಟೆಗಳಲ್ಲಿ ಬೀಜ ಹರವಿತ್ತು. ಇರುವೆ ಹತ್ತದಂತೆ ಮೇಜಿನ ನಾಲ್ಕೂ ಕಾಲುಗಳನ್ನು ಸೀಮೆಎಣ್ಣೆ ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದ್ದರು. ಹಿಂಗೋಡೆಗೆ ಅಂಟಿಕೊಂಡೇ ಬೇಲಿ. ಬೇಲಿ ದಾಟಿದರೆ ಇವರ ಇಳಿಜಾರು, ಅಲ್ಲೊಂದು ಕಾಳಿಲ್ಲದೆ ಹಸಿದ ಇರುವೆಗಳ ಗೂಡು.

ಮರುದಿನ ಧಣಿ ಬಾಗಿಲಲ್ಲಿ ನಿಂತು ಪೈಪಿಗೆ ಹೊಗೆಸೊಪ್ಪು ತುಂಬುತ್ತಿದ್ದಾಗ ಗ್ರೀತ್ ಡಬ್ಬಿಗಳಿಗೆ ಸೀಮೆಎಣ್ಣೆ ಸುರಿದಳು. ಏಳುವಾಗ ಪೊರಕೆಯಿಂದ ಒಂದು ಕಡ್ಡಿ ಹಿರಿದು ಹಿಂಗೋಡೆಯ ಬಿರುಕಿನಿಂದ ಮೇಜಿನ ಅಂಚಿಗೆ ಆನಿಸಿದಳು. ಬಿರುಕಿನ ಬಾಯಿಗೆ ಒಂದು ಚಿಟಿಕೆ ಬೀಜ ಇಟ್ಟಳು. ಹೊರಬಂದು ಬಾಯಿ ತೆರೆದಳು. ಧಣಿಯ ಬೆರಳು ಗಂಟಲವರೆಗೂ ಹೋಗಿ ಬಂತು.

"ಈಗ್ ಬುದ್ಧಿ ಬಂತು ನೋಡು, ಹಲ್ಕಾಗಳಿಗೆ."

"ಊಂ ಧಣಿ."

ಬಿತ್ತನೆಯ ಹೊತ್ತಿಗೆ ಧಣಿ ತಟ್ಟೆಗಳನ್ನು ತರಹೇಳಿದ. ಹೋದ ಮೇಸ್ತ್ರಿ ಬರಿಗೈಲಿ ಬಂದ. ಧಣಿಯೇ ಒಳಗೆ ಓಡಿದ. ತಟ್ಟೆಗಳ ತಳ ಹೊಳೆಯುತ್ತಿತ್ತು. ಕೊನೆಯ ತಟ್ಟೆಯಿಂದ ಕರಿ ಸಾಲೊಂದು ಕಡ್ಡಿಯ ಮೇಲೆ ನಡೆದು, ಬಿರುಕಿನಲ್ಲಿ ನುಸುಳಿತ್ತು. ಧಣಿ ಹೊರಗೆ ಹಿಂಗೋಡೆಗೆ ಸುತ್ತಿ ಬಂದು ನೋಡಿದರೆ, ಸಾಲು ಬೇಲಿಯ ಕೆಳಗೆ ಹಾಯ್ದು ಇಳಿಜಾರಿಗೆ ಇಳಿದಿತ್ತು. ಅಲ್ಲಿ ಗೂಡಿನ ಪಕ್ಕ ಚಮಚದ ಗುರುತು. ಅದರಾಚೆ ಹೊಸದಾಗಿ ಬಿತ್ತಿ ಮುಚ್ಚಿದ ಮಣ್ಣು. ಮಣ್ಣಿನ ಮೇಲೆ ಕುಂಟೆ ಹಿಡಿದು ನಿಂತಿದ್ದ ಡೋರ್ಕಾ ಇತ್ತಲೇ ನೋಡುತ್ತಿದ್ದಳು.

"ಯಾವಳೇ ಕದ್ದೋಳು?" ಧಣಿ ಗುಡುಗಿದ.

ಗ್ರೀತ್ ತಾನಾಗಿ ಮುಂದೆ ಬಂದು, ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದಳು.

"ಇಲ್ಲೇನಿಲ್ಲ ಧಣಿ. ಅವುಗಳ್ ಬಾಯ್ ತಗ್ಸಿ ನೋಡಿ. ಮಂಡಿ ಊರ್ಬೇಕಾಯ್ತದೆ, ಬೋ ತಗ್ಗಲ್ ಅವೆ."

ಬೇಲಿಯಾಚೆ ಡೋರ್ಕಾ ಹಲ್ಲಿಲ್ಲದ ಸಂದಿ ಕಾಣುವಂತೆ ನಕ್ಕಳು. ಚಾಟಿಯ ಹಿಡಿ ಮೇಲೆದ್ದಿತು. ಆದರೆ ಸಾಲು ನಡೆದೇ ಇತ್ತು. ಪ್ರತಿ ಇರುವೆಯ ಬಾಯಲ್ಲೂ ಒಂದು ಹಳದಿ ಕಾಳು. ಧಣಿ ಚಾಟಿ ಬಿಸುಟು ಧೊಪ್ಪನೆ ಮಂಡಿಯೂರಿದ. ಅದೇ ತೋರುಬೆರಳಿಂದ ಒಂದೊಂದನ್ನೇ ಕಸಿಯತೊಡಗಿದ. ಇರುವೆಗಳು ಕಚ್ಚುತ್ತ ಅವನ ತೋಳಿಗೆ ಹತ್ತುತ್ತಿದ್ದವು.