ಹದಿನೇಳನೇ ಸಾಲು

ಮನೆ ಮಾರುವುದು, ಕೊಳ್ಳುವುದು ಎಂದರೆ ತಲೆನೋವು ಎನ್ನುವವರಿಗೆಲ್ಲ ಆ ಬ್ರೋಕರ್ ಒಂದು ಹಳದಿ ಫೈಲು ಕೊಡುತ್ತಿದ್ದ. ಅದರ ಮೊದಲ ಹಾಳೆಯಲ್ಲಿ ಇಪ್ಪತ್ತೆರಡು ಸಾಲಿನ ಪಟ್ಟಿ: ಯಾವ ದಿನ ಯಾವ ಕಾಗದ, ಯಾವ ದಿನ ಸಹಿ, ಯಾವ ದಿನ ಬೀಗದ ಕೈ. "ಇದನ್ನ ನೋಡ್ಕೊಂಡು ಹೋಗಿ ಸಾಕು, ತಲೆನೇ ಕೆಡಿಸ್ಕೋಬೇಡಿ" ಎನ್ನುತ್ತಿದ್ದ. ಅವನಿಗೆ 'ಪಟ್ಟಿ' ಎಂದೇ ಹೆಸರು ಬಿದ್ದಿತ್ತು. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಟೈಲರಮ್ಮನಿಗೂ ಅಂಥದೇ ಫೈಲು ಕೊಟ್ಟಿದ್ದ. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದೆ ಆಕೆ ಮಹಡಿ ಮನೆ ಮಾರಿ, ಎರಡು ಬೀದಿ ಆಚೆ ಕೆಳಗಿನ ಅಂತಸ್ತಿನ ಪುಟ್ಟ ಮನೆ ಕೊಂಡಿದ್ದಳು. ರಿಜಿಸ್ಟ್ರೇಷನ್ ದಿನ ಆಕೆ ತುಟಿ ಕಚ್ಚಿಕೊಂಡು ಸಹಿ ಹಾಕುವಾಗ, "ಏನಕ್ಕ, ಸಹಿ ಹಾಕ್ತಿದೀರೋ ಕಸೂತಿ ಹಾಕ್ತಿದೀರೋ?" ಎಂದು ಎಲ್ಲರನ್ನೂ ನಗಿಸಿದ್ದ. ಆಕೆಯೂ ನಕ್ಕಿದ್ದಳು.

ಹನ್ನೆರಡನೇ ತಾರೀಖು ಬೆಳಿಗ್ಗೆ ಆಕೆಯ ಮಹಡಿ ಮನೆ ಕೊಂಡ ಗಂಡ ಹೆಂಡತಿ ಸಾಮಾನಿನ ಲಾರಿಯೊಂದಿಗೆ ಬಂದಿಳಿದರು. ಮಹಡಿಯಲ್ಲಿ ಟೈಲರಮ್ಮ ಯಾರದೋ ಅಂಗಿಗೆ ಕಾಜಾ ಹೊಲಿಯುತ್ತ ಕೂತಿದ್ದಳು. ಗೋಡೆಯ ಗಡಿಯಾರ ಕೂಡ ಕೆಳಗಿಳಿದಿರಲಿಲ್ಲ. ಫೋನು ಹೋದೊಡನೆ ಬ್ರೋಕರ್ ಏದುಸಿರು ಬಿಡುತ್ತ ಬಂದ.

"ಇಪ್ಪತ್ತಕ್ಕಲ್ವಾ ಮನೆ ಬಿಡೋದು?" ಎಂದಳು ಟೈಲರಮ್ಮ.

"ಇಪ್ಪತ್ತು ಹೊಸ ಮನೆ ಮೀಟರ್‌ಗೆ ನಿಮ್ಮ ಹೆಸರು ಹಾಕ್ಸೋಕೆ! ಬಿಡೋದು ಹನ್ನೆರಡಕ್ಕೆ. ದಪ್ಪ ಅಕ್ಷರದಲ್ಲಿ ಬರೆದಿದೀನಿ, ಮೂರು ಸಲ ಮೆಸೇಜ್ ಹಾಕಿದೀನಿ. ನೋಡಲಿಲ್ವಾ?"

"ಕನ್ನಡಕ ಸಿಕ್ಕಿರಲಿಲ್ಲ ಕಣಪ್ಪ."

"ಮೂಗಿನ ಮೇಲೇ ಕೂತಿದೆಯಲ್ಲ!"

ಸಾಮಾನು ಹೊತ್ತು ನಿಂತಿದ್ದ ಹಮಾಲರು ಗೊಳ್ಳೆಂದು ನಕ್ಕರು. ಅವನಿಗೆ ಇನ್ನಷ್ಟು ಹುರುಪು ಬಂತು. ಫೈಲು ತೆಗೆದು ಆಕೆಯ ಕೈಗಿಟ್ಟ.

"ಹದಿನೇಳನೇ ಸಾಲು. ಎಲ್ಲರಿಗೂ ಕೇಳೋ ಹಾಗೆ ಓದಿ."

ಆಕೆಯ ಬೆರಳು ಹದಿನೇಳರ ಮೇಲೆ ನಿಂತಿತು. ಅಲ್ಲಿಂದ ಮುಂದಕ್ಕೆ ಸರಿಯಲಿಲ್ಲ.

"ಅಂಕಿ ಗೊತ್ತು, ಅಳತೆ ಬರೀತೀನಲ್ಲ. ಅಕ್ಷರ ಬರಲ್ಲ. ಸಹಿ ಒಂದು ನಮ್ಮೆಜಮಾನ್ರು ಇದ್ದಾಗ ಕಲಿಸಿದ್ರು."

ಮನೆ ಕೊಂಡ ಹೆಂಗಸು ಮೆಲ್ಲಗೆ ಆ ಹಾಳೆ ತೆಗೆದುಕೊಂಡು ಮಡಚಿದಳು. "ಮೊದಲು ಅಮ್ಮನ ಸಾಮಾನು ಇಳಿಸಿ. ನಮ್ಮದು ಆಮೇಲೆ" ಎಂದು ಹಮಾಲರಿಗೆ ಹೇಳಿದಳು.

ಹೊಸ ಮನೆಯ ಬೀಗದ ಕೈ ಸಿಕ್ಕಿ ಎರಡು ದಿನವಾಗಿತ್ತು. ಬ್ರೋಕರ್ ಹಮಾಲರ ಜೊತೆ ತಾನೂ ಮಂಚ, ಪಾತ್ರೆ, ಹೊಲಿಗೆ ಯಂತ್ರ ಹೊತ್ತ. ಮೆಟ್ಟಿಲಲ್ಲಿ ಎದುರಾದರೆ ಆಕೆಯ ಮುಖ ನೋಡಲಾಗದೆ ಗೋಡೆಗೆ ತಿರುಗುತ್ತಿದ್ದ. ಓದಲು ಬಾರದಾಕೆ ತನ್ನನ್ನು ನಂಬಿ ಅಷ್ಟೊಂದು ಕಾಗದಕ್ಕೆ ಸಹಿ ಹಾಕಿದ್ದಳು. ಒಂದನ್ನೂ ತಾನು ಓದಿ ಹೇಳಿರಲಿಲ್ಲ.

ಮಧ್ಯಾಹ್ನ ಹೊಸ ಮನೆಯ ನೆಲದ ಮೇಲೆ ಕೂತು ಆಕೆಗೆ ಆ ಕಾಗದಗಳನ್ನೆಲ್ಲ ಮೊದಲಿಂದ ಓದಿ ಹೇಳತೊಡಗಿದ. ಗೋಡೆಗೆ ಕೂರಿಸಿದ್ದೆಲ್ಲ ಹಳೆ ಮನೆಯ ಜೊತೆಗೇ ಹೋಗುತ್ತದೆ ಎಂಬಲ್ಲಿಗೆ ಬಂದಾಗ ಆಕೆ ತಡೆದಳು.

"ಬಟ್ಟೆ ಕತ್ತರಿಸೋ ಮೇಜು?"

ಅದೂ ಗೋಡೆಗೆ ಕೂರಿಸಿದ್ದೇ. ಆಕೆಯನ್ನು ಕೇಳದೆ ಆ ಸಾಲಿಗೆ ಒಪ್ಪಿಗೆಯ ಗುರುತು ಹಾಕಿದವನು ತಾನೇ. ಎದ್ದು ಓಡಿದ. ಕೊಂಡವರ ಮುಂದೆ ತಪ್ಪು ಒಪ್ಪಿಕೊಂಡು ಮೇಜು ಕೇಳಿದ. ಅವರು ಇಲ್ಲ ಎನ್ನಲಿಲ್ಲ. ತಾನೇ ಸ್ಕ್ರೂ ಬಿಚ್ಚಿ, ಗೋಡೆಯ ತೂತು ಮುಚ್ಚಿಸಿಕೊಡುತ್ತೇನೆಂದು ಮಾತು ಕೊಟ್ಟು, ಮೇಜನ್ನು ತಲೆಯ ಮೇಲೆ ಹೊತ್ತು ತಂದ.

"ತಪ್ಪಾಯ್ತಕ್ಕ."

"ಹೋಗ್ಲಿ ಬಿಡಿ" ಎಂದು ಆಕೆ ಮೇಜನ್ನು ಒರೆಸಿದಳು. ಆಮೇಲೆ ದನಿ ತಗ್ಗಿಸಿ, "ನಂಗೆ ಓದೋಕೆ ಬರಲ್ಲ ಅಂತ ಮಾತ್ರ ಯಾರ ಹತ್ರನೂ ಆಡ್ಬೇಡಿ, ಆಯ್ತಾ?" ಎಂದಳು.

ಅವನು ತಲೆಯಾಡಿಸಿದ. ಅಷ್ಟು ಜನರ ಎದುರು ಆಕೆಯ ಬಾಯಿಂದಲೇ ಅದನ್ನು ಹೇಳಿಸಿ ಇನ್ನೂ ಅರ್ಧ ದಿನವಾಗಿರಲಿಲ್ಲ.