ದುಂಡವ್ವ ಇದ್ದ ಗಾಜಿನ ಪೆಟ್ಟಿಗೆ

ನಾನು ಒಂದು ಗಾಜಿನ ಪೆಟ್ಟಿಗೆ. ಹುಟ್ಟಿದ್ದು ಹಳೇ ಹುಬ್ಬಳ್ಳಿಯ ಒಂದು ಗಾಜಿನ ಅಂಗಡಿಯಲ್ಲಿ, ಮಹಬೂಬಸಾಬರ ಕೈಯಲ್ಲಿ. ಐದು ತುಂಡು ಗಾಜು, ಒಂದು ಕೊಳವೆ ಅಂಟು, ಇಷ್ಟೇ ನನ್ನ ವಂಶಾವಳಿ. ಅಂಟು ಹಚ್ಚಿದ ಮೇಲೆ ಸಾಬೂನು ನೀರಿನಲ್ಲಿ ಬೆರಳು ಅದ್ದಿ ಸಂದಿಗುಂಟ ಎಳೆಯುವುದು ಸಾಬರ ಪದ್ಧತಿ. ಮೂರು ಮೂಲೆ ಚೆಂದವಾಗಿ ಎಳೆದರು. ಅಷ್ಟರಲ್ಲಿ ಯಾರೋ ಚಹಾ ತಂದರು. ಕುಡಿದು ಬಂದವರು ನಾಲ್ಕನೆಯ ಮೂಲೆಯೂ ಮುಗಿದಿದೆ ಎಂದುಕೊಂಡು ನನ್ನನ್ನು ಕಪಾಟಿನ ಮೇಲಿಟ್ಟರು. ನನ್ನ ಎಡಮೂಲೆ ಅಂದಿನಿಂದ ಸೋರುತ್ತದೆ.

ಮೊದಲು ನನ್ನನ್ನು ಒಯ್ದವರು ಒಂದು ಖಾನಾವಳಿಯವರು. ಗಲ್ಲೆಯ ಪಕ್ಕದಲ್ಲಿಟ್ಟು ಬಣ್ಣದ ಮೀನು ಬಿಟ್ಟರು. ಊಟಕ್ಕೆ ಬಂದವರು ರೊಟ್ಟಿ ಮುರಿಯುತ್ತ ಮೀನು ನೋಡುತ್ತಿದ್ದರು, ಮೀನು ಅವರನ್ನು ನೋಡುತ್ತಿದ್ದವು. ನಾನು ಹನಿಹನಿಯಾಗಿ ಸೋರಿ ಗಲ್ಲೆಯ ಕಟ್ಟಿಗೆಯನ್ನು ಉಬ್ಬಿಸಿದೆ. ಮಾಲಕರು ಬಾಯಿಗೆ ಬಂದಂತೆ ಬೈದು ನನ್ನನ್ನು ಹಿತ್ತಲಿಗೆ ಹಾಕಿದರು. ಅಲ್ಲಿ ಉಳ್ಳಾಗಡ್ಡಿ ತುಂಬಿಕೊಂಡು ಬಹಳ ದಿನ ಬಿದ್ದಿದ್ದೆ. ಬೇಜಾರಾಯಿತೇ ಎಂದು ಕೇಳಬೇಡಿ. ಗಾಜಿಗೆ ಬಿಸಿಯೂ ತಡವಾಗಿ ಮುಟ್ಟುತ್ತದೆ, ತಂಪೂ ತಡವಾಗಿ ಮುಟ್ಟುತ್ತದೆ.

ಅಲ್ಲಿಂದ ನನ್ನನ್ನು ಎತ್ತಿದವನು ಫಕೀರೇಶ. ಖಾನಾವಳಿಯ ಕಾಯಂ ಗಿರಾಕಿ. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಮಾಲಕರ ಸೊಸೆಗೆ ಕಾರು ಕಲಿಸಿಕೊಟ್ಟು, ಬದಲಿಗೆ ನನ್ನನ್ನು ಕೇಳಿದ.

"ಸೋರತೈತಲ್ಲೋ ಮಾರಾಯ, ಮೀನು ನಿಲ್ಲಂಗಿಲ್ಲ" ಎಂದರು ಮಾಲಕರು.

"ಮೀನಿಗೆ ಅಲ್ಲರೀ. ಹಾವಿಗೆ."

ಮಾಲಕರು ಆಮೇಲೆ ಒಂದು ವಾರ ಅವನಿಗೆ ದೂರದಿಂದಲೇ ಸಾರು ಬಡಿಸಿದರಂತೆ.

ನಮ್ಮ ಕಡೆಯ ಹಾವು ಸಾಕಿದರೆ ಅರಣ್ಯ ಇಲಾಖೆಯವರು ಸುಮ್ಮನಿರುವುದಿಲ್ಲ. ಫಕೀರೇಶ ಸಾಕಿದ್ದು ಪರದೇಶದ, ವಿಷವಿಲ್ಲದ ಹಾವುಗಳನ್ನು, ಸರಕಾರಕ್ಕೆ ತಿಳಿಸಿಯೇ. ಡ್ರೈವಿಂಗ್ ಸ್ಕೂಲಿನ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದ. ಮದುವೆಯ ಮಾತು ಬಂದು ಬಂದು ಹೋಗುತ್ತಿತ್ತು. ಹೆಣ್ಣಿನ ಕಡೆಯವರು ಚುರುಮುರಿ ತಿನ್ನುತ್ತ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ಆಮೇಲೆ ಚಹಾ ಬರುವ ತನಕವೂ ಕೂಡುತ್ತಿರಲಿಲ್ಲ.

ನನ್ನೊಳಗೆ ಬಂದ ಮೊದಲ ಹಾವು ಅಮೆರಿಕದ್ದು. ಕೆಂಪಗೆ, ತೆಳ್ಳಗೆ, ಏನು ಕೊಟ್ಟರೂ ತಿನ್ನುತ್ತಿತ್ತು, ಎತ್ತಿಕೊಂಡರೆ ಸುಮ್ಮನೆ ಕೈಮೇಲೆ ಹರಿಯುತ್ತಿತ್ತು. ಹಾವು ಸಾಕಲು ಕಲಿಯುವವರೆಲ್ಲ ಇದರಿಂದಲೇ ಶುರು ಮಾಡುತ್ತಾರಂತೆ. "ಮೊದಲು ಖಾಲಿ ಮೈದಾನದಾಗ ಗಾಡಿ ಹೊಡೀಬೇಕು. ಆಮ್ಯಾಲ ದುರ್ಗದಬೈಲಿನ ಗದ್ದಲಕ್ಕ ನುಗ್ಗಬೇಕು" ಎನ್ನುತ್ತಿದ್ದ ಫಕೀರೇಶ. ಅವನಿಗೆ ಜಗತ್ತೆಲ್ಲ ಕ್ಲಚ್ಚು, ಗೇರು.

ಅವನಿಗೆ ಒಬ್ಬಳೇ ಅಕ್ಕ, ನೀಲಗಂಗಾ. ಗದಗಿಗೆ ಕೊಟ್ಟಿದ್ದರು. ಪ್ರತಿ ವರ್ಷ ನಾಗರಪಂಚಮಿಗೆ ಫಕೀರೇಶ ಸ್ಕೂಲಿನ ಕಾರು ತೆಗೆದುಕೊಂಡು ಹೋಗಿ ಅಕ್ಕನನ್ನು ಕರೆತರುತ್ತಿದ್ದ. ನಮ್ಮ ಕಡೆ ಹಾಗೆಯೇ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ತಾವಾಗಿ ಬರುವುದಿಲ್ಲ. ತವರಿನವರು ಹೋಗಿ ಕರೆಯಬೇಕು. ಮುಂದೆ ಹಿಂದೆ ಎರಡೂ ಕಡೆ ಕೆಂಪು ಎಲ್ ಬೋರ್ಡಿನ ಕಾರಿನಲ್ಲಿ ಕೂತು ನೀಲಕ್ಕ ಊರಿಗೆಲ್ಲ ಕೈ ಬೀಸುತ್ತ ಬರುತ್ತಿದ್ದಳಂತೆ.

ಮೊದಲ ಪಂಚಮಿಗೆ ಅವಳು ಒಂದು ದೊಡ್ಡ ತಪ್ಪು ಮಾಡಿದಳು. ತಮ್ಮ ಕೆಳಗೆ ಹೋಗಿದ್ದಾಗ ನನ್ನ ಜಾಲರಿ ಮುಚ್ಚಳದ ಮೇಲಿಂದ ಚಂಬು ಹಾಲು ಪೂರ್ತಿ ಒಳಗೆ ಸುರಿದು, ಮೇಲೆ ಅರಿಶಿಣ ಕುಂಕುಮ ಉದುರಿಸಿ, ಅಳ್ಳು, ನೆನೆಸಿದ ಕಡಲೆ ಹಾಕಿ ಕೈಮುಗಿದಳು. ಅಮೆರಿಕದ ಹಾವು. ಅದಕ್ಕೆ ಪಂಚಮಿ ಏನು ಗೊತ್ತು! ಹಾಲಿನಲ್ಲಿ ಮಿಂದು, ಅರಿಶಿಣ ಬಳಿದುಕೊಂಡು, ಮೂಲೆಗೆ ಒತ್ತಿ ಕೂತಿತು. ಎಂದಿಲ್ಲದ ಉಪಕಾರ ಮಾಡಿದ್ದು ನನ್ನ ಸೋರುವ ಮೂಲೆ. ಹಾಲೆಲ್ಲ ಹರಿದು ಹೋಯಿತು.

"ಅಕ್ಕಾ! ಏನ್ ಮಾಡಿದಿ ಇದು? ಹಾವು ಹಾಲು ಕುಡಿಯಂಗಿಲ್ಲ!" ಫಕೀರೇಶ ಕೂಗಾಡಿದ. ಬೆಚ್ಚಗಿನ ನೀರಿನಲ್ಲಿ ಹಾವನ್ನು ತೊಳೆದ. ನೀಲಕ್ಕ ಸೆರಗು ಬಾಯಿಗೆ ಹಿಡಿದು ಅತ್ತಳು. ಕೊನೆಗೆ ಇಬ್ಬರೂ ಒಂದು ರಾಜಿಗೆ ಬಂದರು. ಮುಚ್ಚಳದ ಮೇಲೆ ಹಿತ್ತಾಳೆ ತಾಟು ಇಡುವುದು, ಹಾಲು ತಾಟಿಗೆ ಎರೆಯುವುದು. ಮುಂದೆ ಪ್ರತಿ ಪಂಚಮಿಗೂ ನೀಲಕ್ಕ ತಾಟಿಗೆ ಒಂದೊಂದು ಚಮಚ ಹಾಕುತ್ತ ಮನೆಯವರ ಹೆಸರು ಹೇಳುತ್ತಿದ್ದಳು. ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ತಮ್ಮನ ಪಾಲು. ಆ ಹೊತ್ತಿಗೆ ನನ್ನ ಮೈಮೇಲೆ ತಾಟು ಸಣ್ಣಗೆ ಅದುರುತ್ತಿತ್ತು.

ಕೆಂಪು ಹಾವನ್ನು ಬೆಳಗಾವಿಯ ಒಬ್ಬರಿಗೆ ಕೊಟ್ಟು ಫಕೀರೇಶ ಎರಡನೆಯದನ್ನು ತಂದ. ಆಫ್ರಿಕಾದ ಸಣ್ಣ ಹೆಬ್ಬಾವು. ಗಾಬರಿಯಾದರೆ ತಲೆ ಒಳಗಿಟ್ಟು ಚೆಂಡಿನಂತೆ ದುಂಡಗಾಗಿಬಿಡುತ್ತಿತ್ತು. ನೀಲಕ್ಕ ಅದಕ್ಕೆ ದುಂಡವ್ವ ಎಂದು ಹೆಸರಿಟ್ಟಳು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಣ್ಣುತ್ತಿರಲಿಲ್ಲವಾದ್ದರಿಂದ "ನನಕಿಂತ ಇಕಿ ವ್ರತ ಜಾಸ್ತಿ" ಎಂದು ನಗುತ್ತಿದ್ದಳು. ದುಂಡವ್ವನೂ ಸರಳ ಹಾವೇ. ಕುಡಿಯಲು ನೀರು, ಅಡಗಲು ಒಂದು ಗಡಿಗೆ ಚೂರು, ಒಂದಿಷ್ಟು ಬೆಚ್ಚಗೆ, ಮತ್ತೆ ಮೈಯ ಪೊರೆ ಬಿಡುವಾಗ ಸ್ವಲ್ಪ ತೇವ. ಇಷ್ಟು ಕೊಟ್ಟರೆ ಏನೂ ಕೇಳುತ್ತಿರಲಿಲ್ಲ.

ಕೇಳದವರ ಹಣೆಬರಹ ಗೊತ್ತಲ್ಲ. ಫಕೀರೇಶನಿಗೆ ಮುಂದಿನ ಹಾವಿನ ಚಿಂತೆ ಹತ್ತಿತು.

ಸಂಜೆಯಾದರೆ ನನ್ನ ಮುಂದೆ ಕೂತು ಪುಣೆಯ ಹಾವಿನ ವ್ಯಾಪಾರಿಗೆ ಫೋನು. ಅದು ಬಹಳ ಉದ್ದ ಬೆಳೆಯುತ್ತದೆ, ಕೋಣೆ ಸಾಲದು. ಇದು ಸಿಟ್ಟಿನದು. ಇನ್ನೊಂದು ಮಳೆಕಾಡಿನದು, ಚೆಂದ ಇದೆ, ಆದರೆ ಮೈ ಬಣ್ಣ ಕಾಣಬೇಕಾದರೆ ಬಿಸಿಲಿಗೇ ಹಿಡಿಯಬೇಕು. ಎಲ್ಲ ಅಳೆದು ಸುರಿದು ಕೊನೆಗೆ ಅವನ ಮನಸ್ಸು ನಿಂತದ್ದು ಮರದ ಮೇಲಿರುವ ಹಸಿರು ಹೆಬ್ಬಾವಿನ ಮೇಲೆ. ಕೊಂಬೆಗೆ ಸುತ್ತಿಕೊಂಡು ಇಡೀ ದಿನ ಜೋತು ಬಿದ್ದಿರುತ್ತದೆ. ಗಾಳಿ ಸದಾ ತೇವವಾಗಿರಬೇಕು. ಒಣಗಿದರೂ ಕಷ್ಟ, ನೆನೆದರೂ ಕಷ್ಟ. ಮುಟ್ಟಿದರೆ ಕಚ್ಚುತ್ತದೆ. ಅದರ ಫೋಟೋ ಅಕ್ಕನಿಗೆ ಕಳಿಸಿ, ಫೋನಿನ ದನಿ ದೊಡ್ಡದಾಗಿಟ್ಟು ಮಾತಾಡಿದ.

"ಮುಟ್ಟಾಕ ಬರಂಗಿಲ್ಲ ಅಂತಿ, ಎತ್ಕೊಳ್ಳಾಕ ಬರಂಗಿಲ್ಲ ಅಂತಿ. ಮತ್ತ ಯಾತಕ್ಕೋ ಅದು?" ನೀಲಕ್ಕನ ದನಿ.

"ಸುಮ್ನ ನೋಡಾಕ."

"ನೋಡಾಕ ನಾ ಇಲ್ಲೇನು? ನಾನೂ ಹಸರ ಸೀರಿ ಉಡತೇನಿ, ಬಾ!"

ಇಬ್ಬರೂ ನಕ್ಕರು. ಆ ವರ್ಷ ಪಂಚಮಿಯ ದಿನಗಳಲ್ಲೇ ಪುಣೆಯಲ್ಲಿ ಆ ಹಾವಿನ ಮರಿಗಳು ನೋಡಲು ಸಿಗುತ್ತಿದ್ದವು. ಫಕೀರೇಶ ಫೋನಿನಲ್ಲಿ ಹೇಳಿದ: "ಅಕ್ಕಾ, ಈ ಸಲ ನೀನ ಬಸ್ಸಿಗೆ ಬಂದುಬಿಡು. ಒಂದ ವರ್ಷ ಏನಾಕ್ಕೈತಿ?"

"ಆತು ಬಿಡಪಾ" ಎಂದಳು ನೀಲಕ್ಕ. ಇವನು ಮರಿ ನೋಡಲು ಪುಣೆಗೆ ಹೋದ, ಕರೆಯಲು ಹೋಗಲಿಲ್ಲ, ಅವಳು ಬರಲಿಲ್ಲ. ನನ್ನ ಮುಚ್ಚಳದ ಮೇಲೆ ತಾಟು ಬರಲಿಲ್ಲ. ಚಳಿಗಾಲದಲ್ಲಿ ಗದಗಿನಿಂದ ಫೋನು ಬಂತು. ಮೆದುಳಿನಲ್ಲಿ ರಕ್ತನಾಳ ಒಡೆದು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ನೀಲಕ್ಕ ಹೋಗಿಬಿಟ್ಟಿದ್ದಳು.

ಮಣ್ಣು ಮಾಡಿ ಬಂದ ಫಕೀರೇಶ ಅಳಲಿಲ್ಲ. ಕಾಲು ತೊಳೆದ, ನನ್ನ ಮುಂದೆ ಕೂತ. ಮರುದಿನ ಕೆಳಗೆ ಹೋಗಿ ಯಾರಿಗೋ ಕ್ಲಚ್ಚು ಬಿಡುವುದು ಕಲಿಸಿದ. ಜನ ಮಾತಾಡಿಸಲು ಬಂದರೆ ಹೂಂ ಎನ್ನುತ್ತಿದ್ದ. ನಾನು ಗಾಜು, ನನಗೆ ಗುರುತು ಹತ್ತುತ್ತದೆ. ಅವನೂ ಗಾಜಾಗಿದ್ದ.

ಕೆಲವು ದಿನಗಳ ಮೇಲೆ ಎದ್ದು ದುಂಡವ್ವನನ್ನು ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮಂಚದ ಕೆಳಗೆ ನೂಕಿದ. ನನ್ನನ್ನು ತೊಳೆದು, ಎತ್ತಿ, ನಿಲ್ಲಿಸಿದ. ನಿಲ್ಲಿಸಿದ ಎಂದರೆ ಉದ್ದಕ್ಕೆ ಮಲಗಿದ್ದವನನ್ನು ಎತ್ತರಕ್ಕೆ ನಿಲ್ಲಿಸಿದ. ಮರದ ಹಾವಿಗೆ ಎತ್ತರ ಬೇಕಲ್ಲ! ನನ್ನ ಬಾಯಿ ಪಕ್ಕಕ್ಕೆ ಬಂತು, ಅದಕ್ಕೊಂದು ಬಾಗಿಲು ಕೂಡಿಸಿದ. ಒಳಗೆ ಪೇರಲ ಕೊಂಬೆ ಕಟ್ಟಿದ. ಕೋಣೆಯೆಲ್ಲ ನನಗೆ ಅಡ್ಡಡ್ಡ ಕಾಣತೊಡಗಿತು.

ಹಾವು ಸಾಕುವವರಿಗೆ ಫಕೀರೇಶ ತಾನೇ ಹೇಳುತ್ತಿದ್ದ ಒಂದು ನಿಯಮವಿತ್ತು. ಕಷ್ಟದ ಹಾವು ತರುವ ಮೊದಲು ಖಾಲಿ ಪೆಟ್ಟಿಗೆಯನ್ನು ಹಾವು ಇದ್ದಂತೆಯೇ ನಡೆಸಬೇಕು. ಬಿಸಿ, ತೇವ, ಬೆಳಕು ಎಲ್ಲ ಹದಕ್ಕೆ ಬಂದು ನಿಂತ ಮೇಲೇ ಹಾವು. ಅದನ್ನೇ ಈಗ ಮಾಡಿದ. ಬೆಳಿಗ್ಗೆ ಎದ್ದು ನೀರು ಸಿಂಪಡಿಸುತ್ತಿದ್ದ, ಸಂಜೆ ಬಂದು ಸಿಂಪಡಿಸುತ್ತಿದ್ದ. ಹನಿಗಳು ಕೊಂಬೆಯಿಂದ ಇಳಿದು ನನ್ನ ಹಳೇ ಮೂಲೆಯಿಂದ ಸೋರಿ ಹೋಗುತ್ತಿದ್ದವು. ಹದ ಎಂದೋ ಬಂದಿತ್ತು. ಆದರೂ ಬೇಸಿಗೆ ಮುಗಿಯುವ ತನಕ ಅದೇ ನಡೆಯಿತು. ಯಾರೂ ಇಲ್ಲದ ಕೊಂಬೆಯನ್ನು ನೋಡುತ್ತ ಕೂಡುತ್ತಿದ್ದ. ದುಂಡವ್ವನ ಡಬ್ಬಿಯಲ್ಲಿ ನೀರಿನ ಬಟ್ಟಲು ಮತ್ತೆ ಮತ್ತೆ ಒಣಗಿದ್ದನ್ನು ನಾನು ಕಂಡೆ. ಹೇಳುವ ಬಾಯಿ ನನಗಿಲ್ಲ.

ಪಂಚಮಿಯ ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಬಂದವಳು ನೀಲಕ್ಕನ ಮಗಳು ದಾನೇಶ್ವರಿ. ಗದಗಿನಲ್ಲಿ ನರ್ಸು. ಒಂದು ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ, ಇನ್ನೊಂದರಲ್ಲಿ ಹಾಲಿನ ಚಂಬು.

"ಕರಿಯಾಕ ಯಾರೂ ಬರಲಿಲ್ಲ. ಅದಕ್ಕ ನಾನ ಬಸ್ಸಿಗೆ ಬಂದೆ ಮಾಮಾ" ಎಂದಳು. ಅವನು ಹೂಂ ಎಂದ.

ಅವಳೇ ಹುಡುಕಿ ತಾಟು ತಂದಳು. ನನ್ನ ಮುಂದೆ ನಿಂತು ಮೇಲೆ ಕೆಳಗೆ ನೋಡಿದಳು. "ಪೆಟಗಿ ಎದ್ದು ನಿಂತೈತಲ್ಲ! ಹಾವು ಎಲ್ಲಿ?"

"ಇನ್ನೂ ಬಂದಿಲ್ಲ. ಬರೋ ವಾರ ಪುಣೆಯಿಂದ ಬರತೈತಿ." ಹೇಳುತ್ತಲೇ ಬಾಟಲಿ ತೆಗೆದುಕೊಂಡು ಸಿಂಪಡಿಸಿದ.

"ಮತ್ತ ದುಂಡವ್ವ?"

ಅವನು ಮಂಚದ ಕಡೆ ಗದ್ದ ಎತ್ತಿದ. ದಾನೇಶ್ವರಿ ಬಗ್ಗಿ ಡಬ್ಬಿ ಎಳೆದಳು. ದುಂಡವ್ವ ಬಡಕಲಾಗಿದ್ದಳು. ಹಳೇ ಪೊರೆ ಪೂರ್ತಿ ಬಿಡದೆ ತುಂಡುತುಂಡಾಗಿ ಮೈಗೆ ಅಂಟಿತ್ತು. ಕಣ್ಣಿನ ಮೇಲೂ ಒಣಗಿ ಕೂತಿತ್ತು. ಬಟ್ಟಲಿನಲ್ಲಿ ಧೂಳು.

"ಇದರಾಗ ನೀರಿಲ್ಲ ಮಾಮಾ."

"ಹಾಕತೇನಿ."

"ಇಲ್ಲದ ಹಾವಿಗೆ ಎರಡೂ ಹೊತ್ತು ನೀರು ಹೊಡಿಯಾಕ ಹತ್ತೀರಿ. ಇದ್ದದ್ದು ಇಲ್ಲಿ ಒಣಗಾಕ ಹತ್ತೈತಿ."

"ಅದು ಸರಳ ಹಾವು, ದಾನವ್ವಾ. ತಾಳತೈತಿ."

ಅವಳು ಸಿಟ್ಟು ಮಾಡಲಿಲ್ಲ. ಬಟ್ಟಲು ಕೈಯಲ್ಲಿ ಹಿಡಿದು ನೆಲದ ಮೇಲೆಯೇ ಕೂತಿದ್ದಳು. "ಅವ್ವನೂ ಸರಳ ಇದ್ಲು. ತಾಳತಾಳ ಅಂತನ ಬಿಟ್ರಿ. ಹಸರ ಸೀರಿ ಉಟ್ಟು, ಚೀಲ ತುಂಬಿಕೊಂಡು, ಹಬ್ಬದ ಹಿಂದಿನ ದಿನ ಸಂಜೀತನಕ ಕಟ್ಟಿ ಮ್ಯಾಲ ಕುಂತಿದ್ಲು ಮಾಮಾ. ಅವ ಹಂಗ ಅಂತಾನ, ಬರತಾನ ನೋಡು ಅಂತಿದ್ಲು."

ಫಕೀರೇಶ ಬಾಟಲಿ ಕೆಳಗಿಟ್ಟ. ನಾನು ಅವನ ಮುಖ ಅಡ್ಡವಾಗಿ ನೋಡುತ್ತಿದ್ದೆ, ಅದರಲ್ಲಿ ಏನೂ ಅಲುಗಲಿಲ್ಲ. ಆಮೇಲೆ ಹೋಗಿ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ತಂದ. ದುಂಡವ್ವನನ್ನು ಎತ್ತಿ ನೀರಿಗೆ ಬಿಟ್ಟು, ತನ್ನ ಕೈಯನ್ನೂ ಒಳಗಿಟ್ಟು ಕೂತ. ಪೊರೆ ನೆನೆಯುತ್ತ ನೆನೆಯುತ್ತ ಸಡಿಲಾಗಿ, ಒದ್ದೆ ಕಾಗದದಂತೆ ಬಿಚ್ಚತೊಡಗಿತು. ಸೋತ ಹಾವು ಅವನ ಮಣಿಕಟ್ಟಿಗೆ ಒಂದು ಸುತ್ತು ಹಾಕಿ ಹಿಡಿಯಿತು.

"ದಾನವ್ವಾ, ಹಿಡಿದೈತಿ ನೋಡು" ಎಂದ. "ನಾ ಇಷ್ಟ ಮಾಡಿದರೂ ಹಿಡಿದೈತಿ ನೋಡು."

ಅಲ್ಲಿಯೇ, ಬಕೆಟ್ಟಿನ ಮುಂದೆ, ಅವನು ಅತ್ತ. ಗಂಡಸು ಅಷ್ಟು ಅಳುವುದನ್ನು ನಾನು ಖಾನಾವಳಿಯಲ್ಲೂ ಕಂಡಿರಲಿಲ್ಲ. ದಾನೇಶ್ವರಿ ಸಮಾಧಾನ ಮಾಡಲು ಹೋಗಲಿಲ್ಲ, ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಮಧ್ಯಾಹ್ನ ಇಬ್ಬರೂ ಸೇರಿ ನನ್ನನ್ನು ಮತ್ತೆ ಮಲಗಿಸಿದರು. ಕೊಂಬೆ ತೆಗೆದು ಗಡಿಗೆ ಚೂರು ಇಟ್ಟರು. ದುಂಡವ್ವ ಒಳಗೆ ಬಂದು, ನನ್ನ ಒಂದೊಂದು ಮೂಲೆಯನ್ನೂ ನಾಲಿಗೆಯಿಂದ ನೋಡಿ, ನೀರು ಕುಡಿದು, ದುಂಡಗಾದಳು. ಮುಚ್ಚಳದ ಮೇಲೆ ತಾಟು ಬಂತು. ದಾನೇಶ್ವರಿ ಎರೆಯತೊಡಗಿದಳು. ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಮುಂದಿನದು ಅವ್ವನ ಪಾಲು, ಅವಳ ಚಮಚ ಚಂಬಿನಲ್ಲೇ ನಿಂತಿತು. ಫಕೀರೇಶ ಅವಳ ಕೈಯಿಂದ ಚಮಚ ತೆಗೆದುಕೊಂಡ.

"ಅಕ್ಕನ ಪಾಲು" ಎಂದ. ಒಂದು ಚಮಚ ಹಾಕಿದ, ಇನ್ನೊಂದು ಹಾಕಿದ. "ಇದು ಹೋದ ವರ್ಷದ್ದು."

ಪುಣೆಗೆ ಫೋನು ಮಾಡಿ ಹಸಿರು ಹಾವು ಬೇಡ ಎಂದ. ಆಚೆಯವನು ಯಾಕೆ, ಇಷ್ಟು ದಿನ ತಯಾರಿ ಮಾಡಿದಿರಲ್ಲ, ಬೇರೆ ಯಾವುದು ಕಳಿಸಲಿ ಎಂದು ಕೇಳಿದ.

"ಯಾವುದೂ ಬ್ಯಾಡ್ರಿ. ನನಗಿನ್ನೂ ಸರಳ ಹಾವ ಸಾಕಾಕ ಬರವಲ್ದು."

ಈಗ ನನಗೆ ವಯಸ್ಸಾಗಿದೆ. ಮುಂದಿನ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು. ದುಂಡವ್ವನಿಗೆ ಫಕೀರೇಶ ಕಟ್ಟಿಗೆಯ ದೊಡ್ಡ ಮನೆ ಮಾಡಿಸಿದ. ನಾನು ಬಾಗಿಲ ಪಕ್ಕದ ಮೂಲೆಯಲ್ಲಿದ್ದೇನೆ, ಮತ್ತೆ ಉಳ್ಳಾಗಡ್ಡಿ ತುಂಬಿಕೊಂಡು. ದಾನೇಶ್ವರಿಯನ್ನು ಕೊಪ್ಪಳಕ್ಕೆ ಕೊಟ್ಟಿದ್ದಾರೆ. ಹಬ್ಬದ ಹಿಂದಿನ ದಿನ ಫಕೀರೇಶ ಬೆಳಿಗ್ಗೆಯೇ ಸ್ಕೂಲಿಗೆ ಬೀಗ ಹಾಕಿ ಕಾರು ತೆಗೆಯುತ್ತಾನೆ. ಸಂಜೆ ಕೆಳಗೆ ಕಾರಿನ ಹಾರ್ನು ಕೇಳುತ್ತದೆ. ಅವಳು ಮೆಟ್ಟಿಲು ಹತ್ತುತ್ತಲೇ "ಮಾಮಾ, ಇಡೀ ದಾರಿ ಎಲ್ ಬೋರ್ಡು ನೋಡಿ ಲಾರಿಯವರೆಲ್ಲ ನಗತಿದ್ರು" ಎಂದು ಬೈಯುತ್ತಾಳೆ.

ಈ ಸಲದ ಪಂಚಮಿಗೆ ತಾಟು ದುಂಡವ್ವನ ಹೊಸ ಮನೆಯ ಮೇಲಿತ್ತು. ಎಲ್ಲರ ಪಾಲು ಮುಗಿದ ಮೇಲೆ ಚಂಬಿನ ತಳದಲ್ಲಿ ಸ್ವಲ್ಪ ಉಳಿಯಿತು. ಫಕೀರೇಶ ಅತ್ತಿತ್ತ ನೋಡಿ, ನನ್ನ ಹತ್ತಿರ ಬಂದು, ಉಳ್ಳಾಗಡ್ಡಿ ಸರಿಸಿ ಸುರಿದ.

"ಇದು ಪೆಟಗಿ ಪಾಲು" ಎಂದ.

ನಾನು ಗಾಜು, ನನಗೆ ಎಲ್ಲವೂ ತಡವಾಗಿ ಮುಟ್ಟುತ್ತದೆ. ಹಾಲು ನನ್ನ ತಳದಲ್ಲಿ ಒಂದಿಷ್ಟು ಹೊತ್ತು ನಿಂತಿತು. ಆಮೇಲೆ ಸಾಬರು ಮರೆತ ಆ ಎಡಮೂಲೆಯಿಂದ ಹನಿಹನಿಯಾಗಿ ಸೋರಿತು. ಒರೆಸಲು ಯಾರೂ ಅವಸರ ಮಾಡಲಿಲ್ಲ.